ಮಿಲ್ ಲ್ಯಾಕ್ಸ್ ಸರೋವರದಲ್ಲಿ ಒಂದು ಇರುಳು

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದಿಂದ ಉತ್ತರಕ್ಕೆ 169ನೆಯ ಹೆದ್ದಾರಿಯಲ್ಲಿ ಸುಮಾರು 160 ಕಿಲೋಮೀಟರ್ ಸಾಗಿದ ಮೇಲೆ ಜೋಳದ ಹೊಲಗಳು ಹಿಂದೆ ಸರಿಯುತ್ತವೆ. ಬರ್ಚ್ ಮರಗಳ ಬಿಳಿಯ ಕಾಂಡಗಳ ಸಂದಿನಿಂದ ಬಲಗಡೆಗೆ ನೀರು ಮಿನುಗತೊಡಗುತ್ತದೆ. ಇನ್ನೊಂದು ತಿರುವು ಕಳೆದರೆ ಮರಗಳೂ ಮುಗಿದು ನೀರೇ ನೀರು. ಎದುರು ದಡ ಕಾಣಿಸದು. ಉಪ್ಪಿನ ವಾಸನೆಯೊಂದಿಲ್ಲ ಎಂಬುದನ್ನು ಬಿಟ್ಟರೆ ಕುಂಬಳೆಯ ಕಡಲ ತೀರದಲ್ಲಿ ನಿಂತಂತೆಯೇ. ಇದು ಮಿಲ್ ಲ್ಯಾಕ್ಸ್ ಸರೋವರ. ಇದರ ವಿಸ್ತೀರ್ಣ ಸುಮಾರು 1,32,000 ಎಕರೆ. ಎಂದರೆ ನಮ್ಮ ಕಾಸರಗೋಡು ಜಿಲ್ಲೆಯ ಕಾಲು ಭಾಗಕ್ಕಿಂತ ತುಸು ಹೆಚ್ಚು. ಇಷ್ಟು ಹರವಿದ್ದರೂ ಆಳ ಮಾತ್ರ ಎಲ್ಲಿಯೂ 42 ಅಡಿಗಿಂತ ಮಿಗಿಲಿಲ್ಲ. ಮುರಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಎಷ್ಟೋ ಅಂಗಳದ ಬಾವಿಗಳು ಇದಕ್ಕಿಂತ ಆಳವಾಗಿವೆ. ತಟ್ಟೆಯಲ್ಲಿ ಹೊಯ್ದ ನೀರಿನಂತೆ ಹರಡಿಕೊಂಡಿರುವ ಈ ಸರೋವರದಲ್ಲಿ ಗಾಳಿ ಸ್ವಲ್ಪ ಬಲವಾಯಿತೆಂದರೆ ಅಲೆಗಳು ಎದ್ದು ನಿಲ್ಲುತ್ತವೆ. ಸಣ್ಣ ದೋಣಿಯವರು ದಡ ಸೇರುವ ಅವಸರದಲ್ಲಿರುತ್ತಾರೆ.

ಹೆಸರಿನ ವಿಚಾರವನ್ನು ಮೊದಲೇ ಹೇಳಿಬಿಡುವುದು ಲೇಸು. ‘ಮಿಲ್ ಲ್ಯಾಕ್ಸ್’ ಎಂಬುದು ಫ್ರೆಂಚ್ ವ್ಯಾಪಾರಿಗಳು ಬಿಟ್ಟುಹೋದ ಮಾತು. ಸಾವಿರ ಸರೋವರ ಎಂದು ಅದರ ಅರ್ಥ. ಇಂದಿಗೂ ಇದರ ದಡದಲ್ಲಿ ವಾಸಿಸುವ ಓಜಿಬ್ವೆ ಜನರ ನುಡಿಯಲ್ಲಿ ಇದು ‘ಮಿಸಿ-ಜಾಗಇಗನ್’, ದೊಡ್ಡ ಸರೋವರ. ಅವರಿಗಿಂತ ಮೊದಲು ಇಲ್ಲಿದ್ದವರು ಡಕೋಟ ಜನ. ಅವರಿಗೆ ಇದು ‘ಮ್ಡೆ ವಾಕನ್’, ದೈವಸನ್ನಿಧಿಯ ಸರೋವರ. ಇಲ್ಲಿಂದ ಹೊರಟು ಮಿಸಿಸಿಪ್ಪಿಯನ್ನು ಸೇರುವ ನದಿಗೂ ಅವರು ‘ವಾಕನ್’ ಎಂಬ ಪದವನ್ನೇ ಸೇರಿಸಿ ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ದೈವಚೈತನ್ಯಕ್ಕೂ ಮದ್ಯಸಾರಕ್ಕೂ ‘ಸ್ಪಿರಿಟ್’ ಎಂಬ ಒಂದೇ ಶಬ್ದವಷ್ಟೆ. ಆ ಸಾಮ್ಯವನ್ನು ಹಿಡಿದು ಬಿಳಿಯರು ಪವಿತ್ರ ನದಿಯನ್ನು ‘ರಮ್ ನದಿ’ ಮಾಡಿಬಿಟ್ಟರು. ಇಂದಿಗೂ ಭೂಪಟದಲ್ಲಿ ಅದೇ ಹೆಸರು. ಹೊಸದುರ್ಗವು ‘ಪುದಿಯಕೋಟ’ವಾಗಿ, ಮಂಜೇಶ್ವರಕ್ಕೆ ಕೊನೆಯಲ್ಲಿ ಒಂದು ಅನುಸ್ವಾರ ಅಂಟಿಕೊಂಡದ್ದನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಅರ್ಥವಾದರೂ ಉಳಿದಿದೆ. ಅಲ್ಲಿ ದೇವರ ನೀರು ಹೆಂಡದ ನೀರಾಯಿತು.

ಈ ಸರೋವರದ ಕೀರ್ತಿಯೆಲ್ಲ ಒಂದು ಮೀನಿನದು. ಅದರ ಹೆಸರು ವಾಲೈ. ಕಿವಿಗೆ ಮಲೆಯಾಳದ ‘ವಾಳ’ದಂತೆ ಕೇಳಿಸಿದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಉದ್ದನೆಯ ಮೈ, ಹಿತ್ತಾಳೆಯ ಬಣ್ಣದ ಪಕ್ಕೆ, ಬಿಳಿಯ ಹೊಟ್ಟೆ, ಬಾಲದ ಕೆಳತುದಿಯಲ್ಲಿ ಒಂದು ಬಿಳಿಯ ಚುಕ್ಕೆ, ಬಾಯ್ತುಂಬ ಸೂಜಿಹಲ್ಲು. ಮುಳ್ಳು ಕಡಿಮೆ, ಮಾಂಸ ಬೆಳ್ಳಗೆ, ರುಚಿ ಸೌಮ್ಯ. 1965ರಲ್ಲಿ ಮಿನ್ನೆಸೋಟ ಇದನ್ನು ತನ್ನ ರಾಜ್ಯ ಮೀನೆಂದು ಘೋಷಿಸಿತು. ಪಶ್ಚಿಮ ದಡದ ಗ್ಯಾರಿಸನ್ ಎಂಬ ಪುಟ್ಟ ಊರು ಹೆದ್ದಾರಿಯ ಬದಿಯಲ್ಲಿ ಈ ಮೀನಿನ ದೊಡ್ಡದೊಂದು ಪ್ರತಿಮೆಯನ್ನು ನಿಲ್ಲಿಸಿಕೊಂಡು ತಾನೇ ಜಗತ್ತಿನ ವಾಲೈ ರಾಜಧಾನಿ ಎಂದು ಹೇಳಿಕೊಳ್ಳುತ್ತದೆ. ಹಾಗೆ ಹೇಳಿಕೊಳ್ಳುವ ಊರುಗಳು ಆ ದೇಶದಲ್ಲಿ ಇನ್ನೂ ಇವೆಯಂತೆ. ಜಗಳಕ್ಕೆ ನಾವೇಕೆ ಹೋಗಬೇಕು.

ಅಣ್ಣನ ಮಗಳು ಮಿನಿಯಾಪೊಲಿಸಿನಲ್ಲಿ ನೆಲೆಸಿದ್ದಾಳೆ. ಅವಳ ನೆರೆಮನೆಯ ಹಿರಿಯರೊಬ್ಬರು ಅಕ್ಟೋಬರ್ ತಿಂಗಳ ಮೊದಲ ವಾರ ಈ ಸರೋವರಕ್ಕೆ ಹೊರಟವರು, ಮಗಳ ಮಾತಿನ ಮೇಲೆ ನನ್ನನ್ನೂ ಕರೆದುಕೊಂಡು ಹೋದರು. ಎಪ್ಪತ್ತು ದಾಟಿದ, ಅಳೆದು ತೂಗಿ ಮಾತನಾಡುವ ಮನುಷ್ಯ. ದೋಣಿ ಅವರದೇ: ಅಲ್ಯುಮಿನಿಯಂ ಒಡಲು, ಹಿಂದೆ ಒಂದು ಪೆಟ್ರೋಲ್ ಯಂತ್ರ, ಮುಂದೆ ಸದ್ದಿಲ್ಲದ ವಿದ್ಯುತ್ ಯಂತ್ರ. ಹೊರಗಿನವನಾದ ನನಗೆ ಇಪ್ಪತ್ತನಾಲ್ಕು ಗಂಟೆಗಳ ಮೀನುಗಾರಿಕೆಯ ಪರವಾನಗಿ ತೆಗೆಸಿದರು. ಲೈಫ್ ಜಾಕೆಟ್ ತೊಡಿಸಿ ಪಟ್ಟಿಗಳನ್ನು ತಾವೇ ಎಳೆದು ನೋಡಿದರು. ಅದರ ಮೇಲೆ ಎರಡು ಉಣ್ಣೆಯ ಟೊಪ್ಪಿಗೆ. ನಮ್ಮ ಮಾಗಿಯ ಮುಂಜಾವನ್ನೇ ಚಳಿ ಎಂದು ತಿಳಿದವನಿಗೆ ಆ ನಡುಗುವ ಚಳಿಯಲ್ಲಿ ಮೀನು ಹಿಡಿಯುವುದಕ್ಕೆ ಹೊರಡುವ ಉತ್ಸಾಹವೇ ಮೊದಲ ವಿಸ್ಮಯ.

ಸೂರ್ಯ ಆರು ಮುಕ್ಕಾಲರ ಹೊತ್ತಿಗೆ ಮುಳುಗಿದ. ನಾವು ಹೊರಟದ್ದು ಆಮೇಲೆ. ಹಗಲಲ್ಲಿ ಆಳದ ಕೆಸರುತಳದ ಮೇಲೆ ಮಲಗಿರುವ ವಾಲೈ, ಕತ್ತಲಾಗುತ್ತಲೇ ದಡದ ಕಡೆಯ ಬಂಡೆಸಾಲುಗಳಿಗೆ ಬೇಟೆಗೆ ಬರುತ್ತದೆ. ಚಳಿಗಾಲದ ಮುಂಚಿನ ಈ ವಾರಗಳಲ್ಲಿ ಹಾಗೆ ಬರುವ ಮೀನುಗಳು ಹೆಚ್ಚು, ದೊಡ್ಡವೂ ಹೌದು. ಬಂಡೆಗಳ ಮೇಲೆ ನೀರು ಐದಾರು ಅಡಿ ಮಾತ್ರ. ಅಷ್ಟು ದೂರದಲ್ಲಿಯೇ ಹಿರಿಯರು ಪೆಟ್ರೋಲ್ ಯಂತ್ರವನ್ನು ನಿಲ್ಲಿಸಿದರು. ಆ ನಿಲುಗಡೆಯ ನಂತರದ ಮೌನ ನನಗೆ ಇಂದಿಗೂ ಕಿವಿಯಲ್ಲಿದೆ. ದೋಣಿಯ ಪಕ್ಕೆಗೆ ನೀರು ತಟ್ಟುವ ಸದ್ದು, ಬಹುದೂರದಲ್ಲಿ ಲೂನ್ ಎಂಬ ನೀರುಹಕ್ಕಿಯ ಕೂಗು. ಆ ಕೂಗನ್ನು ಹೇಗೆ ಹೇಳಲಿ? ನಗುವಿನಿಂದ ಆರಂಭವಾಗಿ ಅಳುವಿನಲ್ಲಿ ಮುಗಿಯುತ್ತದೆ. ದಕ್ಷಿಣಕ್ಕೆ ವಲಸೆ ಹೊರಡುವ ಮುನ್ನ ಈ ಹಕ್ಕಿಗಳು ಇದೇ ಸರೋವರದಲ್ಲಿ ನೂರುಗಟ್ಟಲೆ ಕೂಡುತ್ತವೆ. ಕಾನೂನಿನಂತೆ ದೋಣಿಗೊಂದು ಬಿಳಿಯ ದೀಪ ಇರಲೇಬೇಕು. ಅದು ನಮ್ಮ ಹಿಂದೆ ಎತ್ತರದ ಕೋಲಿನ ಮೇಲಿತ್ತು. ಅದನ್ನು ಬಿಟ್ಟರೆ ಬೇರೆ ಬೆಳಕನ್ನು ನೀರಿಗೆ ತೋರಿಸುವಂತಿಲ್ಲ. ದಾರ ಕಟ್ಟಬೇಕಾದಾಗ ಹಿರಿಯರು ದೋಣಿಯ ಒಳಕ್ಕೆ ಬಾಗಿ, ತಲೆಗೆ ಕಟ್ಟಿದ ದೀಪವನ್ನು ಅಂಗೈಯಿಂದ ಅರ್ಧ ಮರೆಮಾಡಿ, ಕೆಲಸ ಮುಗಿಸಿ ಆರಿಸುತ್ತಿದ್ದರು.

ಈ ಬೇಟೆಯಲ್ಲಿ ಎರೆಹುಳವೂ ಇಲ್ಲ, ಸಿಗಡಿಯೂ ಇಲ್ಲ. ಬೆರಳುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಒಂದು ಹುಸಿಮೀನು. ಹೊಟ್ಟೆಯ ಕೆಳಗೆ ಮೂರು ಮೊನೆಯ ಕೊಕ್ಕೆಗಳು. ಗದ್ದದ ಬಳಿ ಪಾರದರ್ಶಕವಾದ ಸಣ್ಣ ನಾಲಗೆ. ಎಳೆದಾಗ ಆ ನಾಲಗೆಗೆ ನೀರು ತಾಗಿ ಹುಸಿಮೀನು ತಡವರಿಸುತ್ತ, ಹುಣ್ಣಾದ ಮರಿಮೀನಿನಂತೆ ಓಲಾಡುತ್ತ ಬರುತ್ತದೆ. ಇದನ್ನು ಮೊದಲು ಮಾಡಿದವನು ಲೌರಿ ರಾಪಾಲ ಎಂಬ ಫಿನ್ಲೆಂಡಿನ ಬಡ ಬೆಸ್ತ. ದೊಡ್ಡ ಮೀನುಗಳು ಗುಂಪಿನಲ್ಲಿ ಓಲಾಡುವ ಬಲಹೀನ ಮರಿಯನ್ನೇ ಆರಿಸಿ ಹಿಡಿಯುವುದನ್ನು ಅವನು ದೋಣಿಯಲ್ಲಿ ಕುಳಿತು ಕಂಡಿದ್ದ. 1936ರಲ್ಲಿ ಬಿರಡೆಯ ತೊಗಟೆಯನ್ನು ಚಮ್ಮಾರನ ಕತ್ತಿಯಿಂದ ಕೆತ್ತಿ, ಚಾಕಲೇಟಿನ ಬೆಳ್ಳಿಕಾಗದವನ್ನು ಸುತ್ತಿ, ಛಾಯಾಚಿತ್ರದ ಹಳೆಯ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಲೇಪಿಸಿದ. ನಮ್ಮ ಶಾಲೆಗಳ ಕರಕುಶಲ ವಸ್ತುಪ್ರದರ್ಶನಕ್ಕೆ ಬರಬಹುದಾದ ಸಾಮಾನು! ಅದರ ವಂಶದವೇ ಇಂದು ಜಗತ್ತಿನಾದ್ಯಂತ ಮಾರಾಟವಾಗುತ್ತಿವೆ.

ಎಸೆಯುವ ಕ್ರಮ ಹೀಗೆ. ತೋರುಬೆರಳಿನಲ್ಲಿ ನೈಲಾನ್ ದಾರವನ್ನು ಸಿಕ್ಕಿಸಿ, ರೀಲಿನ ತಂತಿಯನ್ನು ತೆರೆದು, ಕೋಲನ್ನು ಭುಜದ ಹಿಂದಕ್ಕೊಯ್ದು ಮುಂದಕ್ಕೆ ಬೀಸಿದಾಗ ಸರಿಯಾದ ಗಳಿಗೆಯಲ್ಲಿ ಬೆರಳು ಸಡಿಲಿಸಬೇಕು. ಹಗಲಾದರೆ ಬಿದ್ದ ಜಾಗ ಕಾಣುತ್ತದೆ. ಇರುಳಿನಲ್ಲಿ ‘ಪುಳಕ್’ ಎಂಬ ಸದ್ದೇ ಆಧಾರ. ಸದ್ದು ಬರುವ ತನಕ ದಾರ ಎಲ್ಲಿಗೋ ಹೋಗುತ್ತಲೇ ಇರುವಂತೆ ಭಾಸವಾಗುತ್ತದೆ. ಆಮೇಲೆ ನಿಧಾನವಾಗಿ ಸುತ್ತಬೇಕು. ಇನ್ನೂ ನಿಧಾನ, ಇನ್ನೂ ನಿಧಾನ ಎಂದು ಹಿರಿಯರು ಹೇಳುತ್ತಲೇ ಇದ್ದರು. ನಾಲ್ಕು ಸುತ್ತು, ಒಂದು ನಿಲುವು, ಮತ್ತೆ ನಾಲ್ಕು ಸುತ್ತು. ಹುಸಿಮೀನಿನ ಓಲಾಟ ದಾರದ ಮೂಲಕ ಕೋಲಿಗೆ, ಕೋಲಿನಿಂದ ಅಂಗೈಗೆ ಬರುತ್ತದೆ. ಕಣ್ಣಿಗೆ ಏನೂ ಕೆಲಸವಿಲ್ಲದ ಆ ಹೊತ್ತಿನಲ್ಲಿ ಕೈಯೇ ಕಾಣತೊಡಗುತ್ತದೆ: ಇದು ಕಲ್ಲಿಗೆ ಸವರಿದ್ದು, ಇದು ಜೊಂಡಿಗೆ ತಾಗಿದ್ದು, ಇದು ಬರಿಯ ನೀರು. ಒಂದು ಗಂಟೆ ಹೀಗೆಯೇ ಕಳೆಯಿತು. ಮಾತಿಲ್ಲ. ಚಂದ್ರ ಇನ್ನೂ ಮೂಡಿರಲಿಲ್ಲ.

ಮೀನು ಕಚ್ಚಿದಾಗ ಎಳೆತವಾಗುವುದೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಓಲಾಟ ನಿಂತಿತು, ಅಷ್ಟೆ. ಒದ್ದೆ ಗೋಣಿಗೆ ಸಿಕ್ಕಿಕೊಂಡಂತೆ ಭಾರವಾಯಿತು. ಮರುಕ್ಷಣ ಆ ಭಾರ ತಲೆ ಕೊಡಹಿತು. ಓಡಿ ಹಾರುವ ಜಾತಿಯಲ್ಲ ಇದು. ತಳಕ್ಕೆ ಒತ್ತಿಕೊಂಡು ‘ಬರುವುದಿಲ್ಲ’ ಎಂದು ತಲೆಯಾಡಿಸುವ ಹಟಮಾರಿ. ದೋಣಿಯ ಬಳಿ ಬಂದಾಗ ಹಿರಿಯರು ಕೈಬಲೆಯನ್ನು ನೀರಿಗಿಳಿಸಿ ತಲೆದೀಪವನ್ನು ಹೊತ್ತಿಸಿದರು. ಆಗ ನೀರಿನೊಳಗಿನಿಂದ ಎರಡು ಕೆಂಡಗಳು ನನ್ನನ್ನು ನೋಡಿದವು.

ಈ ಕಣ್ಣಿಗಾಗಿಯೇ ಆ ಮೀನಿಗೆ ಆ ಹೆಸರು. ಹಗಲಲ್ಲಿ ನೋಡಿದರೆ ಪೊರೆ ಬಂದ ಮುದುಕರ ಕಣ್ಣಿನಂತೆ ಮಂಜುಮಂಜು, ಕುರುಡೆನಿಸುತ್ತದೆ. ಅಕ್ಷಿಪಟಲದಲ್ಲಿ ಬೆಳಕನ್ನು ಹಿಂದಿರುಗಿಸುವ ಒಂದು ಪದರವಿದೆ; ಒಮ್ಮೆ ಒಳಹೊಕ್ಕ ಬೆಳಕು ಅದಕ್ಕೆ ತಾಗಿ ಮರಳುವಾಗ ಎರಡನೆಯ ಬಾರಿ ದೃಷ್ಟಿಗೆ ಒದಗುತ್ತದೆ. ಹಟ್ಟಿಯ ಹಸುವಿನ, ಜಗಲಿಯ ಬೆಕ್ಕಿನ ಕಣ್ಣು ಟಾರ್ಚಿನ ಬೆಳಕಿಗೆ ಹೊಳೆಯುವುದೂ ಇಂಥದೇ ಪದರದಿಂದ. ವಾಲೈ ಹೆಚ್ಚಾಗಿ ತಿನ್ನುವುದು ಹಳದಿ ಪರ್ಚ್ ಎಂಬ ಮೀನನ್ನು. ಪರ್ಚ್‌ನದು ಹಗಲಿನ ಕಣ್ಣು, ಮುಸ್ಸಂಜೆಗೆ ಮಸುಕಾಗುತ್ತದೆ. ಒಂದರ ದೃಷ್ಟಿ ಕುಗ್ಗಿ ಇನ್ನೊಂದರ ದೃಷ್ಟಿ ತೆರೆಯುವ ಆ ಸಂಧಿಕಾಲವೇ ಬೇಟೆಯ ಸಮಯ. ನಮ್ಮ ನುಡಿಯಲ್ಲಿ ಇರುಳುಗಣ್ಣು ಎಂದರೆ ರಾತ್ರಿ ಕಾಣದ ರೋಗ. ಈ ಮೀನಿನ ಪಾಲಿಗೆ ಆ ಮಾತನ್ನು ತಿರುವಿಹಾಕಬೇಕು. ಅದಕ್ಕೆ ಹಗಲೇ ಬೇನೆ.

ಆದರೆ ಯಾವ ಕಣ್ಣಿನಿಂದ ಅದು ಬದುಕುತ್ತದೆಯೋ ಅದೇ ಕಣ್ಣು ಅದನ್ನು ಹಿಡಿದುಕೊಡುತ್ತದೆ. ಓಜಿಬ್ವೆ ಜನರಿಗೆ ಇದು ಅನಾದಿಯಿಂದ ತಿಳಿದ ವಿಷಯ. ಚಳಿಗಾಲದ ಮಂಜುಗಡ್ಡೆ ಕರಗಿದ ಕೂಡಲೇ, ಏಪ್ರಿಲ್ ಕೊನೆಯ ಇರುಳುಗಳಲ್ಲಿ, ವಾಲೈ ಮೊಟ್ಟೆಯಿಡಲು ದಡದ ನುಸುಗಲ್ಲಿನ ಮೇಲೆ ಮೊಣಕಾಲುದ್ದದ ನೀರಿಗೆ ಬರುತ್ತದೆ. ಅವರು ಬರ್ಚ್ ತೊಗಟೆಯ ಪಂಜನ್ನು ದೋಣಿಯ ಮೂತಿಗೆ ಕಟ್ಟಿ, ಬೆಳಕಿಗೆ ಹೊಳೆಯುವ ಕಣ್ಣುಗಳನ್ನು ಗುರುತಿಸಿ, ಈಟಿಯಿಂದ ತಿವಿದು ಹಿಡಿಯುತ್ತಿದ್ದರು. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಒಂದು ಓಜಿಬ್ವೆ ಊರಿಗೆ ‘ಪಂಜಿನ ಸರೋವರ’ ಎಂದು ಫ್ರೆಂಚರು ಹೆಸರಿಟ್ಟದ್ದು ಈ ದೃಶ್ಯವನ್ನು ಕಂಡೇ. ಈಗ ಪಂಜಿನ ಬದಲು ವಿದ್ಯುದ್ದೀಪ, ಉಳಿದದ್ದು ಹಾಗೆಯೇ. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಹತ್ತಿ ಬರುವ ಮೀನನ್ನು ತೆಂಗಿನ ಒಣಗರಿಯ ಸೂಟೆ ಹಿಡಿದು ಕತ್ತಿಯಿಂದ ಕಡಿದವರ ಮೊಮ್ಮಕ್ಕಳು ನಾವು; ಈ ಚಿತ್ರ ನಮಗೆ ಹೊಸತಲ್ಲ.

ಅದೇ ದಿನ ಮಧ್ಯಾಹ್ನ, ಪಶ್ಚಿಮ ದಡದ ವೈನ್‌ಲೆಂಡ್‌ನಲ್ಲಿರುವ ಮಿಲ್ ಲ್ಯಾಕ್ಸ್ ಇಂಡಿಯನ್ ಮ್ಯೂಸಿಯಂನಲ್ಲಿ ಎರಡು ಗಂಟೆ ಕಳೆದಿದ್ದೆ. ಋತುವಿಗೊಂದರಂತೆ ನಾಲ್ಕು ದೃಶ್ಯಗಳನ್ನು ಆಳೆತ್ತರದ ಬೊಂಬೆಗಳಿಂದ ಜೋಡಿಸಿದ ಒಂದು ಕೋಣೆ ಅಲ್ಲಿದೆ: ವಸಂತದಲ್ಲಿ ಮೇಪಲ್ ಮರದ ರಸ ಕಾಸುವುದು, ಶರತ್ಕಾಲದಲ್ಲಿ ಕಾಡುಭತ್ತ ಕೊಯ್ಯುವುದು, ಹೀಗೆ. ಅಲ್ಲಿಯ ಒಬ್ಬ ತಾಯಿಯನ್ನು, ವಾಲೈಗೆ ನಿಮ್ಮ ಮಾತಿನಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. ‘ಒಗಾ’ ಎಂದರು. ನಾನು ಒಮ್ಮೆ ಹೇಳಿದೆ. ಅವರು ತಲೆಯಾಡಿಸಿ, ಕೊನೆಯ ಸ್ವರವನ್ನು ಇನ್ನೂ ನೀಳವಾಗಿ ಎಳೆದು ಮತ್ತೆ ಹೇಳಿಕೊಟ್ಟರು. ಪರಸ್ಥಳದವನೊಬ್ಬ ತಮ್ಮ ಮಾತನ್ನು ಸರಿಯಾಗಿ ಆಡಲಿ ಎಂಬ ಆ ಕಾಳಜಿಯನ್ನು ನಾನು ನಮ್ಮ ಶಾಲೆಗಳ ಹಳೆಯ ಪಂಡಿತರಲ್ಲಿ ಮಾತ್ರ ಕಂಡಿದ್ದೆ. ಆ ನುಡಿಯನ್ನು ತೊಟ್ಟಿಲಿನಿಂದ ಆಡಿ ಬೆಳೆದವರು ಈಗ ಬಹಳ ಕಡಿಮೆ, ಎಲ್ಲರೂ ವೃದ್ಧರು. ಮಿಲ್ ಲ್ಯಾಕ್ಸ್ ಪಂಗಡದವರೇ ನಡೆಸುವ ನೇ ಆ ಶಿಂಗ್ ಎಂಬ ಶಾಲೆಯಲ್ಲಿ ಮಕ್ಕಳಿಗೆ ಅದನ್ನು ಕಲಿಸುತ್ತಾರೆ.

ಈ ಮೀನಿನ ಹಿಂದೆ ಒಂದು ಕಾಗದದ ಕಥೆಯಿದೆ. 1837ರ ಜುಲೈ 29ರಂದು ಓಜಿಬ್ವೆ ಮುಖಂಡರು ಅಮೆರಿಕ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಈಗಿನ ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಹರಡಿದ ವಿಶಾಲವಾದ ಪೈನ್ ಕಾಡನ್ನು ಬಿಟ್ಟುಕೊಟ್ಟರು. ಬಿಟ್ಟುಕೊಡುವಾಗ ಒಂದನ್ನು ಉಳಿಸಿಕೊಂಡರು: ಆ ನೆಲ ಮತ್ತು ನೀರಿನಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೂಡಿಸುವ ಹಕ್ಕು. ಅಧ್ಯಕ್ಷರ ಇಚ್ಛೆಯಿರುವ ತನಕ ಎಂಬ ಕೊಕ್ಕೆಯೊಂದು ಆ ಬರಹದಲ್ಲಿಯೇ ಇತ್ತು. 1850ರಲ್ಲಿ ಅಧ್ಯಕ್ಷ ಟೇಲರ್ ಆ ಕೊಕ್ಕೆಯನ್ನು ಎಳೆದು, ಹಕ್ಕನ್ನು ರದ್ದುಗೊಳಿಸಿ, ಜನರನ್ನು ಪಶ್ಚಿಮಕ್ಕೆ ಸರಿಸಲು ಆಜ್ಞೆ ಮಾಡಿದರು. ಆ ವರ್ಷ ವಾರ್ಷಿಕ ಪಾವತಿಯ ನೆಪದಲ್ಲಿ ಓಜಿಬ್ವೆ ಕುಟುಂಬಗಳನ್ನು ಉತ್ತರದ ಸ್ಯಾಂಡಿ ಸರೋವರಕ್ಕೆ ಕರೆಸಿ, ಚಳಿಯಲ್ಲಿ ಕಾಯಿಸಿ, ಹಳಸಿದ ಆಹಾರ ಕೊಟ್ಟದ್ದರಿಂದ ಅಲ್ಲಿಯೂ ಹಿಂದಿರುಗುವ ದಾರಿಯಲ್ಲಿಯೂ ಸುಮಾರು 400 ಮಂದಿ ತೀರಿಹೋದರು. ಬಳಿಕ ರಾಜ್ಯ ಬಂತು, ರಾಜ್ಯದ ಮೀನುಗಾರಿಕೆಯ ನಿಯಮಗಳು ಬಂದವು. ಹಳೆಯ ಹಕ್ಕನ್ನು ಚಲಾಯಿಸಿದವರು ಕಳ್ಳಬೇಟೆಗಾರರೆನಿಸಿದರು.

1990ರಲ್ಲಿ ಮಿಲ್ ಲ್ಯಾಕ್ಸ್ ಪಂಗಡ ರಾಜ್ಯದ ಮೇಲೆ ದಾವೆ ಹೂಡಿತು. ಅದಕ್ಕೆ ತುಸು ಮುಂಚೆ ವಿಸ್ಕಾನ್ಸಿನ್‌ನಲ್ಲಿ ನ್ಯಾಯಾಲಯ ಇಂಥದೇ ಹಕ್ಕನ್ನು ಎತ್ತಿಹಿಡಿದಾಗ, ಈಟಿ ಹಿಡಿದು ಇರುಳಿನಲ್ಲಿ ದೋಣಿಯಿಳಿಸಲು ಬಂದ ಕುಟುಂಬಗಳ ಎದುರು ಜನ ಗುಂಪುಗೂಡಿ ಕಲ್ಲೆಸೆದಿದ್ದರು, ಬಾಯಿಗೆ ಬಂದಂತೆ ಬೈದಿದ್ದರು. ಮಿನ್ನೆಸೋಟದಲ್ಲಿ 1993ರಲ್ಲಿ ರಾಜಿಯ ಕರಡು ಸಿದ್ಧವಾಯಿತು. ಶಾಸಕಾಂಗ ಅದನ್ನು ತಿರಸ್ಕರಿಸಿತು. ಕೊನೆಗೆ 1999ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಿಂದ, 1837ರ ಹಕ್ಕು ಅಳಿದಿಲ್ಲ ಎಂದು ತೀರ್ಪಿತ್ತಿತು. ಒಂದೇ ಒಂದು ಮತದ ಅಂತರ. ಅಂದಿನಿಂದ ಪ್ರತಿವರ್ಷ ಸರೋವರದಿಂದ ಎಷ್ಟು ವಾಲೈ ತೆಗೆಯಬಹುದೆಂದು ಲೆಕ್ಕಹಾಕಿ, ಅದನ್ನು ರಾಜ್ಯಕ್ಕೂ ಓಜಿಬ್ವೆ ಪಂಗಡಗಳಿಗೂ ಪಾಲು ಮಾಡುತ್ತಾರೆ.

ದೋಣಿಯ ಹಿರಿಯರು ಆ ಕಾಲದಲ್ಲಿ ಎದುರು ಪಕ್ಷದಲ್ಲಿದ್ದವರು. ನಾನು ಕೇಳದೆಯೇ ಹೇಳಿದರು. ಒಪ್ಪಂದವನ್ನು ವಿರೋಧಿಸುವ ಚೀಟಿಯೊಂದು ತಮ್ಮ ವಾಹನದ ಹಿಂಬದಿಯಲ್ಲಿ ಹತ್ತು ವರ್ಷ ಅಂಟಿಕೊಂಡಿತ್ತಂತೆ. ಮೊಟ್ಟೆಯಿಡುವ ಮೀನನ್ನು ಕೊಲ್ಲುವುದು ಯಾವ ನ್ಯಾಯ ಎಂದು ವಾದಿಸುತ್ತಿದ್ದರಂತೆ. ಮುಂದೆ ಒಂದು ವಸಂತದಲ್ಲಿ ಕುತೂಹಲಕ್ಕೆ ದಡಕ್ಕೆ ಹೋಗಿ ನಿಂತರು. ಓಜಿಬ್ವೆ ದೋಣಿ ದಡ ಮುಟ್ಟುತ್ತಲೇ ಪಂಗಡದ ಸಿಬ್ಬಂದಿ ಮೀನುಗಳನ್ನು ಒಂದೊಂದಾಗಿ ಎಣಿಸುವುದನ್ನು, ಅಳೆಯುವುದನ್ನು, ನಡುರಾತ್ರಿಯ ಚಳಿಯಲ್ಲಿ ಬರೆದುಕೊಳ್ಳುವುದನ್ನು ಕಂಡರು. ‘ನಮ್ಮ ದೋಣಿಯ ಮೀನನ್ನು ಹಾಗೆ ಯಾರೂ ಎಣಿಸಿದ್ದಿಲ್ಲ’ ಎಂದಷ್ಟೇ ಹೇಳಿ ಅವರು ಮತ್ತೆ ಗಾಳ ಎಸೆದರು. ಮನಸ್ಸು ಬದಲಾಯಿತೇ ಎಂದು ನಾನು ಕೇಳಲಿಲ್ಲ. ಚೀಟಿ ಈಗ ಇಲ್ಲ.

ಗಡಿಯಾಚೆ ಉಳಿದ ಕನ್ನಡಿಗರಾದ ನಮಗೂ ಕಾಗದಗಳಿವೆ. 1956ರ ರಾಜ್ಯ ಪುನರ್ವಿಂಗಡಣೆಯ ಜೊತೆಗೆ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆ ‘ಯತ್ನ’ದ ಉದ್ದಗಲ ಎಷ್ಟೆಂಬುದು, ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ಬಂದು ನಿಂತಾಗ ಮಕ್ಕಳಿಗೂ ಹೆತ್ತವರಿಗೂ ತಿಳಿಯುತ್ತದೆ. ಓಜಿಬ್ವೆಯವರದಕ್ಕೂ ನಮ್ಮದಕ್ಕೂ ಹೋಲಿಕೆ ಬಹುದೂರ ಸಲ್ಲದು. ಅವರ ನೆಲವೇ ಹೋಗಿದೆ, ನಮ್ಮ ಮನೆಯಂಗಳ ನಮ್ಮದೇ ಆಗಿದೆ. ಆದರೂ ಒಂದು ಮಾತು ಆ ದೋಣಿಯಲ್ಲಿ ನನ್ನನ್ನು ಬಿಡಲಿಲ್ಲ. 1837ರಿಂದ 1999ರ ವರೆಗೆ 162 ವರ್ಷ. ಅಷ್ಟು ಕಾಲ ದಂಡ ತೆತ್ತು, ಬಲೆ ಕಳೆದುಕೊಂಡು, ಕದ್ದುಮುಚ್ಚಿಯಾದರೂ ಇರುಳಿನಲ್ಲಿ ನೀರಿಗಿಳಿದು ಮೀನು ಹಿಡಿದವರು ಇಲ್ಲದಿದ್ದರೆ, ದಾವೆ ಹೂಡಲು ಯಾರಿಗೆ ತಾನೆ ನೆನಪಿರುತ್ತಿತ್ತು?

ಹಕ್ಕಿನ ಜಗಳ ಮುಗಿಯಿತೆನ್ನುವಾಗ ಸರೋವರಕ್ಕೆ ಬೇರೊಂದು ಬಾಧೆ ಬಂದಿತ್ತು. ಅದು ಬೆಳಕು. ಮಾತು ವಿಚಿತ್ರವೆನಿಸಬಹುದು. ಹಿಂದೆ ಈ ನೀರು ಸ್ವಲ್ಪ ಹಸಿರುಗಪ್ಪಾಗಿ ಮಂಕಾಗಿತ್ತು. ದಡದ ಮನೆಗಳ ಕೊಳಚೆ ನೀರಿನ ವ್ಯವಸ್ಥೆ ಸುಧಾರಿಸುತ್ತ ಬಂದಂತೆ ಅದು ತಿಳಿಯಾಗತೊಡಗಿತು. 2005ರಲ್ಲಿ ಜೀಬ್ರಾ ಚಿಪ್ಪು ಎಂಬ ಪಟ್ಟೆಪಟ್ಟೆಯ ಪ್ರಾಣಿ ಇಲ್ಲಿ ಕಾಣಿಸಿಕೊಂಡಿತು. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಮೂಲದ ಇದು ಹಡಗುಗಳ ಭಾರನೀರಿನೊಂದಿಗೆ ಅಮೆರಿಕದ ಮಹಾಸರೋವರಗಳನ್ನು ತಲುಪಿ, ಅಲ್ಲಿಂದ ಒಂದೊಂದೇ ಕೆರೆಗೆ ಹರಡಿದೆ. ಗಾತ್ರ ನಮ್ಮ ಹೊಳೆಯ ಮರುವಾಯಿಗಿಂತಲೂ ಚಿಕ್ಕದು. ಆದರೆ ಒಂದೊಂದೂ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ಹೀರಿ ಸೋಸಿ ಬಿಡುತ್ತದೆ. ತಳದ ಕಲ್ಲುಗಳ ಮೇಲೆ ಹೆಜ್ಜೆಯೂರಲು ಎಡೆಯಿಲ್ಲದಂತೆ ಅವು ಕವಿದುಕೊಂಡಿವೆ. ನೀರು ಸ್ಫಟಿಕವಾಯಿತು. ಪ್ರವಾಸಿಗಳಿಗೆ ಸಂತೋಷ, ಕತ್ತಲೆಯನ್ನು ನಂಬಿದ ಮೀನಿಗೆ ಮನೆಯ ಮಾಡು ಹಾರಿಹೋದಂತೆ. ಬೆಳಕನ್ನು ತಪ್ಪಿಸಿ ಆಳಕ್ಕೆ ಸರಿಯೋಣವೆಂದರೆ ಈ ಸರೋವರಕ್ಕೆ ಆಳವಿಲ್ಲ. ಮರಿಗಳು ಹುಟ್ಟುತ್ತವೆ, ಆದರೆ ಎರಡನೆಯ ಶರತ್ಕಾಲವನ್ನು ಕಾಣುವಂಥವು ಹಿಂದಿನಷ್ಟಿಲ್ಲ. ದೊಡ್ಡ ವಾಲೈಗೆ ಕೊಬ್ಬಿನ ಆಹಾರವಾದ ಟಲಿಬೀ ಎಂಬ ತಂಪುನೀರಿನ ಮೀನೂ ಬೇಸಗೆಯ ಶಾಖಕ್ಕೆ ಕಡಿಮೆಯಾಗಿದೆ.

2015ರ ಆಗಸ್ಟ್ 3ರಂದು, ಬೇಸಗೆಯ ಪ್ರವಾಸಿಗಳು ತುಂಬಿದ್ದಾಗಲೇ, ರಾಜ್ಯ ಸರಕಾರ ಇಲ್ಲಿ ವಾಲೈ ಹಿಡಿಯುವುದನ್ನು ನಿಲ್ಲಿಸಿತು. ಮರುವರ್ಷ ಹಿಡಿದುದನ್ನೆಲ್ಲ ಬಿಟ್ಟುಬಿಡಬೇಕೆಂದಾಯಿತು. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಸರೋವರದಲ್ಲಿ ಗಾಳ ಹಾಕಬಾರದೆಂಬ ನಿಯಮವನ್ನೂ ಕೆಲವು ವರ್ಷ ಬಿಗಿಯಾಗಿ ನಡೆಸಿದರು. ಮೂರು ತಲೆಮಾರುಗಳಿಂದ ದಡದಲ್ಲಿ ನಾಲ್ಕಾರು ಮರದ ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟು ಬದುಕಿದ ಕುಟುಂಬಗಳಿಗೆ ಅದು ದೊಡ್ಡ ಪೆಟ್ಟು. ಈಟಿಯವರಿಂದಲೇ ಮೀನು ಮುಗಿಯಿತು ಎಂಬ ಹಳೆಯ ಮಾತು ಮತ್ತೆ ತಲೆಯೆತ್ತಿತು. ಕಣ್ಣಿಗೆ ಕಾಣುವ ನೆರೆಯವನನ್ನು ದೂರುವುದು ಸುಲಭ. ಕಲ್ಲಿಗೆ ಅಂಟಿದ ಚಿಪ್ಪನ್ನು ದೂರಲು ಯಾವ ದಡಕ್ಕೆ ಹೋಗಿ ಕೂಗಬೇಕು?

ಹತ್ತರ ಸುಮಾರಿಗೆ ಚಂದ್ರ ಮೂಡಿದ. ಅಷ್ಟರಲ್ಲಿ ಹಿರಿಯರಿಗೆ ಎರಡು ಮೀನು ಸಿಕ್ಕಿದ್ದವು, ನನಗೆ ಆ ಒಂದೇ. ಮೀನನ್ನು ಇಟ್ಟುಕೊಳ್ಳಬೇಕಾದರೆ ಅದರ ಉದ್ದ ಆ ವರ್ಷದ ನಿಯಮಕ್ಕೆ ಹೊಂದಬೇಕು. ಹೆಚ್ಚು ಚಿಕ್ಕದೂ ಆಗಬಾರದು, ಹೆಚ್ಚು ದೊಡ್ಡದೂ ಆಗಬಾರದು. ದೋಣಿಯ ಅಂಚಿನಲ್ಲಿ ಅಂಟಿಸಿದ ಅಳತೆಪಟ್ಟಿಯ ಮೇಲೆ ಅವರು ಪ್ರತಿಯೊಂದನ್ನೂ ಒದ್ದೆ ಕೈಯಿಂದ ಮಲಗಿಸಿ ನೋಡಿದರು. ಮೂರೂ ನಿಯಮದ ಹೊರಗಿದ್ದವು. ಮೂರನ್ನೂ ಮೈ ಆನಿಸಿ ಹಿಡಿದು, ಕಿವಿರಾಡುವ ತನಕ ಕಾದು, ನೀರಿಗೆ ಬಿಟ್ಟರು. ನೋಯಿಸಿ ಬಿಡುವ ಈ ಆಟ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲವೆಂದು ಹೇಳಬೇಕು. ಊಟದೊಡನೆ ಆಟವೇಕೆ ಎಂದು ಓಜಿಬ್ವೆಯವರಲ್ಲಿಯೂ ಕೇಳುವವರಿದ್ದಾರೆ. ಬಿಟ್ಟ ಮೀನುಗಳಲ್ಲಿಯೂ ಕೆಲವು ಸಾಯುತ್ತವೆ. ಹಾಗೆ ಸಾಯುವವನ್ನು ಅಂದಾಜು ಮಾಡಿ ರಾಜ್ಯದ ಪಾಲಿಗೇ ಜಮೆ ಹಿಡಿಯುತ್ತಾರೆ. ಆ ಲೆಕ್ಕವಾದರೂ ಪ್ರಾಮಾಣಿಕವಾದದ್ದು.

ಬೆಳದಿಂಗಳಲ್ಲಿ ನೀರಿನ ತಳ ಕಾಣಿಸಿತು. ಆರಡಿ ಕೆಳಗೆ ಕಲ್ಲುಗಳು, ಅವುಗಳ ಮೇಲೆ ಒತ್ತೊತ್ತಾಗಿ ಚಿಪ್ಪು, ಚಿಪ್ಪಿನ ಮೇಲೆ ನಮ್ಮ ದೋಣಿಯ ನೆರಳು. ‘ಇನ್ನು ಸಾಕು, ಅವಕ್ಕೆ ನಾವು ಕಾಣುತ್ತಿದ್ದೇವೆ’ ಎಂದು ಹಿರಿಯರು ಗಾಳ ಸುತ್ತಿಟ್ಟರು. ಹತ್ತು ನಿಮಿಷದಲ್ಲಿ ದಡ ಸೇರಿದೆವು. ದೋಣಿಯನ್ನು ಗಾಡಿಗೇರಿಸಿದ ಮೇಲೆ ಅವರು ಹಿಂಬದಿಯ ತಳದ ಬಿರಡೆಯನ್ನು ಕಿತ್ತು ಒಳಗಿನ ನೀರನ್ನೆಲ್ಲ ಹರಿಯಬಿಟ್ಟರು. ಬಿರಡೆ ತೆಗೆಯದೆ ದೋಣಿಯನ್ನು ರಸ್ತೆಗೆ ತರುವುದು ಅಲ್ಲಿ ಅಪರಾಧ. ಒಂದು ಸರೋವರದ ಚಿಪ್ಪಿನ ಮರಿ ಇನ್ನೊಂದಕ್ಕೆ ಹೋಗಬಾರದೆಂದು. ಆಮೇಲೆ ತಲೆದೀಪವನ್ನು ಮೊದಲ ಬಾರಿಗೆ ಪೂರ್ತಿ ಹೊತ್ತಿಸಿ, ಮಂಡಿಯೂರಿ, ದೋಣಿಯ ಹೊಟ್ಟೆಯುದ್ದಕ್ಕೂ ಕೈ ಸವರುತ್ತ, ಗಾಡಿಯ ಗಾಲಿಗೆ ಸಿಕ್ಕಿದ ಜೊಂಡಿನ ಎಳೆಗಳನ್ನು ಕಿತ್ತು ದಡಕ್ಕೆ ಹಾಕಿದರು. ಚಳಿಗೆ ನನ್ನ ಬೆರಳುಗಳು ಮರಗಟ್ಟಿದ್ದವು. ನಾನು ದೀಪ ಹಿಡಿದು ನಿಂತೆ.